ಕೋಚ್ ಸಾಹೇಬರ ಹರಿದ ಜೇಬು

ತಮ್ಮನಿಗೆ, ಗೆದ್ದರೂ ಸೋತರೂ ಅಕ್ಕನ ಆಶೀರ್ವಾದ.

ನಿನ್ನ ಹಾಕಿ ತಂಡ ಸತತ ಏಳನೇ ಪಂದ್ಯ ಸೋತಿತು. ಗೋಲಿನ ಹಿಂದಿನ ಸಾಲಿನಲ್ಲೇ ಕೂತಿದ್ದೆ, ನೀನು ತಲೆಯೆತ್ತಲಿಲ್ಲ.

ಗೋಲ್‌ಕೀಪರನನ್ನು ಬಯ್ಯಬೇಡ, ಒಬ್ಬನೇ ಎಷ್ಟಂತ ತಡೆದಾನು? ನಿನ್ನ ಉದ್ದನೆಯ ಡಿಫೆಂಡರ್ ಚೆಂಡು ದಾಟಿದ ಮೇಲೆ ಸ್ಟಿಕ್ ಚಾಚುತ್ತಾನೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಎಡಗಡೆ ಓಡುವ ಮೀಸೆಯವನು ಮಾತ್ರ ಚಿನ್ನ. ಅವನನ್ನೇ ಹೊರಗೆ ಕೂರಿಸುತ್ತೀಯಲ್ಲ!

ನೋಡು, ಮತ್ತೆ ಶುರುಮಾಡಿದೆ. ಅವತ್ತೂ ಹೀಗೇ, ಜೆರ್ಸಿಗೆ ಅಳತೆ ತೆಗೆಯುತ್ತಾ, ಆಟಗಾರರ ಎದುರಿಗೇ "ನಿಂಗೆ ಕೋಚಿಂಗ್ ಬರಲ್ಲ ಕಣೋ" ಅಂದುಬಿಟ್ಟೆ. ಅಂದಿನಿಂದ ನೀನು ನನ್ನ ಅಂಗಡಿ ಮೆಟ್ಟಿಲು ಹತ್ತಿಲ್ಲ. ಅಳತೆಯ ಚೀಟಿಯನ್ನು ನಿಮ್ಮ ತಂಡದ ಗುಮಾಸ್ತರ ಕೈಲಿ ಕಳಿಸುತ್ತೀ. ಮೇಲೆ "ಟೈಲರ್ ಅವರಿಗೆ" ಅಂತಿರುತ್ತದೆ.

ನಿನ್ನ ಕೋಟಿನ ಎಡಜೇಬು ಹರಿದು ಜೋತಾಡುತ್ತಿದೆ. ಸೋಲುವಾಗ ಜೇಬಿಗೆ ಕೈ ತುರುಕುವುದು ನಿನ್ನ ಚಿಕ್ಕಂದಿನ ಚಾಳಿ. ಅದೇ ಬಣ್ಣದ ದಾರ ಪೋಣಿಸಿ ಇಟ್ಟಿದ್ದೇನೆ. ಗುಮಾಸ್ತರ ಕೈಲಿ ಕಳಿಸಿದರೆ ಹೊಲಿಯುವುದಿಲ್ಲ, ಹಾಕಿಕೊಂಡೇ ಬಾ. ಹೆದರಬೇಡ, ಹೊಲಿಯುವಷ್ಟು ಹೊತ್ತೂ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುತ್ತೇನೆ.

ನಿನ್ನ ಅಕ್ಕ