ಹೊಳೆಯಲ್ಲಿ ಮಿಂದ ಕೆಂಪು ಕಾರು

ಅನಗವಾಡಿ, ತಾಲೂಕು ಬೀಳಗಿ
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಮಗಳು ಪ್ರತಿಮಾಗೆ,

ನಿನ್ನ ಸಣ್ಣಮಾವ ಹುಲೆಪ್ಪನ ತುಂಬು ಮನಸ್ಸಿನ ಆಶೀರ್ವಾದ. ಬನಹಟ್ಟಿಯಲ್ಲಿ ನೀನು, ನಿಮ್ಮಪ್ಪ ಮುದಕಪ್ಪನವರು, ನಿಮ್ಮವ್ವ ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ನಿನ್ನ ಕೆಮ್ಮು ಕಡಿಮೆ ಆಯಿತೇ? ದೀಪಾವಳಿಗೆ ತವರಿಗೆ ಹೊರಟಾಗ ಗಂಟಲು ಕಟ್ಟಿತ್ತು. ಅದು ಕೆಮ್ಮೋ ಅಳುವೋ ತಿಳಿಯದಷ್ಟು ದಡ್ಡ ನಾನಲ್ಲ, ಆದರೂ ಕೆಮ್ಮು ಎಂದೇ ಕೇಳುತ್ತೇನೆ. ನಿನ್ನ ಸಣ್ಣತ್ತಿ ಗುರುಬಾಯಿಯ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿ ಇದೆ. ನನ್ನ ವಿಷಯ ಕೇಳಲೇಬೇಡ. ಅರವತ್ತು ದಾಟಿದರೂ ಕಬ್ಬನ್ನು ಹಲ್ಲಿನಿಂದಲೇ ಸಿಗಿಯುತ್ತೇನೆ. ಬೀಳಗಿ ತಾಲೂಕಿನಲ್ಲಿ ಈ ವಯಸ್ಸಿಗೆ ಹೀಗೆ ಸಿಗಿಯುವ ಇನ್ನೊಬ್ಬನನ್ನು ತೋರಿಸು, ಮೀಸೆ ಬೋಳಿಸುತ್ತೇನೆ.

ನಿನ್ನ ಫೋನು ಈ ಮನೆಯ ಯಾರ ಫೋನಿನಿಂದಲೂ ಹತ್ತುತ್ತಿಲ್ಲ. ಛಲೋ ಮಾಡಿದಿ. ಅದಕ್ಕೇ ನಿನ್ನ ಮಾವ, ಅಂದರೆ ನಮ್ಮಣ್ಣ ಶಿದ್ರಾಮಪ್ಪ, ನಿನ್ನೆ ನನ್ನ ಅಂಗಳಕ್ಕೆ ಬಂದು, “ಹುಲ್ಯಾ, ನಿನ್ನ ಅಕ್ಷರ ದುಂಡಗ ಅದಾವು. ನೀ ಬರದ್ರ ಆಕಿ ಓದತಾಳ” ಎಂದ. ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು. ಆದರೆ ಬಿಡುವ ದಿನ ಮಾಸ್ತರರು ನನ್ನ ಪಾಟಿ ಹಿಡಿದು ಎಲ್ಲ ಹುಡುಗರಿಗೂ ತೋರಿಸಿ, “ಇವ ಎಮ್ಮಿ ಕಾಯಾಕ ಹೊಂಟಾನ, ನೀವು ಇಲ್ಲಿ ಕುಂತು ಕಾಗಿ ಕಾಲು ಬರಿಯಾಕತ್ತೀರಿ” ಎಂದು ಬೈದಿದ್ದರು. ಆ ಕೈಯಿಂದಲೇ ಬರೆಯುತ್ತಿದ್ದೇನೆ.

ಸುದ್ದಿ ಏನೆಂದರೆ, ಕೆಂಪು ಕಾರು ಸತ್ತಿದೆ ಎಂದು ವಿಮೆಯವರು ತೀರ್ಪು ಕೊಟ್ಟರು. ರಿಪೇರಿಗೆ ಹತ್ತುವ ಖರ್ಚು ಕಾರಿನ ಬೆಲೆಯ ಹತ್ತಿರಕ್ಕೇ ಬರುತ್ತದಂತೆ. ಅದಕ್ಕೆ ಅವರು ಟೋಟಲ್ ಲಾಸ್ ಎನ್ನುತ್ತಾರೆ. ಈಗ ಎರಡು ದಾರಿ. ಹೆಣವನ್ನು ಅವರಿಗೇ ಒಪ್ಪಿಸಿದರೆ ಪೂರ್ತಿ ದುಡ್ಡು, ನಾವೇ ಇಟ್ಟುಕೊಂಡರೆ ಹೆಣದ ಬೆಲೆ ಮುರಿದುಕೊಂಡು ಉಳಿದದ್ದು. ಯಾವ ದಾರಿ ಎಂದು ಹೇಳಿ ಸಹಿ ಮಾಡಬೇಕಾದವಳು ನೀನು, ಏಕೆಂದರೆ ಗಾಡಿ ಇರುವುದು ನಿನ್ನ ಹೆಸರಿನಲ್ಲಿ. ಇದು ನಮ್ಮ ಮನೆಯವರಿಗೆ ನೆನಪಾದದ್ದು ಮೊನ್ನೆ. ಅಲ್ಲಿಯವರೆಗೆ “ನಮ್ಮ ಗಾಡಿ, ನಮ್ಮ ಗಾಡಿ” ಎಂದು ಕುಣಿದವರ ಮುಖ ನೀನು ನೋಡಬೇಕಿತ್ತು. ಬಿದಿರಿನ ಗೊಟ್ಟದಲ್ಲಿ ಕಷಾಯ ಹೊಯ್ಸಿಕೊಂಡ ಕರುವಿನ ಹಾಗಿತ್ತು.

ಥೂ, ಆ ಗಾಡಿಯ ಹುಟ್ಟಿನಿಂದಲೇ ನನಗೆ ಹೇಸಿಗೆ. ನಿಶ್ಚಯದ ದಿನ ನಮ್ಮಣ್ಣ ನಿಮ್ಮಪ್ಪನಿಗೆ ಕೈ ಮುಗಿದು ಏನಂದ ಗೊತ್ತೇ? “ನಾವೇನೂ ಕೇಳೂದಿಲ್ರಿ ಬೀಗರ. ಹುಡುಗನ ಮನಸಿನ್ಯಾಗ ಒಂದು ಕೆಂಪ ಗಾಡಿ ಐತಿ, ಅಷ್ಟ.” ಕೇಳದೆ ಕೇಳುವುದನ್ನು ನಮ್ಮಣ್ಣನಿಂದ ಕಲಿಯಬೇಕು. ನಿಮ್ಮಪ್ಪ ಮಗ್ಗ ಮಾರಿದರು. ಸೀರೆ ನೇಯುವ ಸದ್ದು ನಿಂತು ಈ ಕಾರಿನ ಸದ್ದು ನಮ್ಮ ಓಣಿಗೆ ಬಂತು: ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಉಡದ ಹಾಗೆ ಓಡಾಟ. ರಸ್ತೆಯ ಉಬ್ಬು ಬಂದರೆ ನಿನ್ನ ಗಂಡ ಕಲ್ಮೇಶ ಇಳಿದು, ಬಗ್ಗಿ ನೋಡಿ, ಮತ್ತೆ ಹತ್ತುತ್ತಿದ್ದ. ಮಹಾಲಿಂಗಪುರದ ಮದುವೆಗೆ ಹೋದಾಗ ಅವನೂ ಅವನ ಗೆಳೆಯನೂ ಕಾರಿನಲ್ಲಿ. ಕಾರಿನ ಒಡತಿ ನೀನು ನಮ್ಮ ಜೊತೆ ಬಸ್ಸಿನಲ್ಲಿ, ಮಡಿಲಲ್ಲಿ ಆಹೇರಿ ಬಟ್ಟೆಯ ಗಂಟು. ನೀನು ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದೆ. ಕೆಂಪು ಗಾಡಿ ಹಾರ್ನು ಹೊಡೆಯುತ್ತ ನಮ್ಮನ್ನು ದಾಟಿ ಹೋಯಿತು.

ದಸರೆಯ ಖಂಡೆ ಪೂಜೆಯ ದಿನ ನೀನು ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದೆ. ಹೊಳೆಯಲ್ಲಿ ಆದದ್ದನ್ನು ನಿನಗೆ ಯಾರೂ ಖರೆ ಹೇಳಿಲ್ಲ. ನಮ್ಮೂರಲ್ಲಿ ಆ ದಿನ ಎತ್ತು, ಬಂಡಿ, ಟ್ರಾಕ್ಟರು ಎಲ್ಲವನ್ನೂ ಹೊಳೆಗಿಳಿಸಿ ತೊಳೆದ ಮೇಲೆಯೇ ಪೂಜೆ. ಟ್ರಾಕ್ಟರಿನ ಗಾಲಿ ಆಳೆತ್ತರ. ಹಿನ್ನೀರಿನಲ್ಲಿ ನಿಂತರೂ ಅದಕ್ಕೆ ಕಾಲು ತೊಳೆದುಕೊಂಡಷ್ಟೇ. ಕಲ್ಮೇಶ ದಂಡೆಯಲ್ಲಿ ಬಟ್ಟೆಯಿಂದ ಕಾರು ಒರೆಸುತ್ತಿದ್ದ. ಮೇಲಿನ ಓಣಿಯ ಮುತ್ತಪ್ಪ ತನ್ನ ಟ್ರಾಕ್ಟರಿನ ಮೇಲೆ ಕೂತು ಕೂಗಿದ, “ಏನಲೇ ಕಲ್ಮ್ಯಾ, ನಿನ್ನ ಗಾಡಿ ನೀರಿಗೆ ಅಂಜತೈತೇನು? ಮಾವ ಕೊಟ್ಟಾನಂತ ಬರೇ ಒರಸ್ಕೋತ ಕುಂದರತೀಯೇನು?” ದಂಡೆಯ ಮೇಲಿದ್ದವರೆಲ್ಲ ನಕ್ಕರು. ಅಷ್ಟೇ ಸಾಕಾಯಿತು. “ಬ್ಯಾಡೋ, ಅದು ಎಮ್ಮಿ ಅಲ್ಲ” ಎಂದು ನಾನು ಒದರಿದೆ. “ಕಾಕಾ, ನಿನಗ ಎತ್ತಿನ ಸುದ್ದಿ ಅಷ್ಟ ಗೊತ್ತು” ಎಂದವನೇ ಹಾಡು ಹಚ್ಚಿಕೊಂಡು ನೇರ ಹೊಳೆಗೆ ಇಳಿಸಿದ. ಗಾಡಿ ಒಂದು ಗುಟುಕು ನೀರು ಕುಡಿದು ಬಿಕ್ಕಿ ಸುಮ್ಮನಾಯಿತು. ಇವನು ಮತ್ತೆ ಮತ್ತೆ ಚಾಲೂ ಮಾಡಲು ಹೋಗಿ ಎಂಜಿನ್ನಿನ ಕರುಳನ್ನೇ ಹರಿದ. ಮುತ್ತಪ್ಪ ಹಗ್ಗ ಕಟ್ಟಿ ಟ್ರಾಕ್ಟರಿನಿಂದ ಜಗ್ಗಿದ. ಗಾಡಿ ನೀರಲ್ಲೇ ಉಳಿಯಿತು, ಅದರ ಮೂತಿಯಷ್ಟೇ ಕಿತ್ತು ದಂಡೆಗೆ ಬಂತು! ಆಮೇಲೆ ನನ್ನ ಎತ್ತುಗಳನ್ನು ಹೂಡಿದೆ. ಆ ಜೋಡಿ ಒಮ್ಮೆ ಮಂಡಿ ಊರಿ ಎದ್ದಿತು ನೋಡು, ಕಾರು ಹೆರಿಗೆಯಾದ ಹಾಗೆ ಹೊರಗೆ ಬಂತು. ಇಲ್ಲದಿದ್ದರೆ ಈ ಹೊತ್ತಿಗೆ ಅದು ಆಲಮಟ್ಟಿ ಗೇಟಿಗೆ ತಲೆ ಚಚ್ಚಿಕೊಳ್ಳುತ್ತಿತ್ತು. ನನ್ನ ಎತ್ತುಗಳಿಗೆ ಯಾರಾದರೂ ಒಂದು ಹಿಡಿ ಬೆಲ್ಲ ತಿನಿಸಿದರೇ? ಇಲ್ಲ.

ಇನ್ನೂ ಹೇಸಿಗೆಯ ಮಾತು ಕೇಳು. ಮೂತಿ ಇಲ್ಲದ, ನೀರು ಸೋರುವ ಆ ಗಾಡಿಗೆ ನಮ್ಮಣ್ಣ “ಶಾಸ್ತ್ರ ಬಿಡಬಾರದು” ಎಂದು ವಿಭೂತಿ ಹಚ್ಚಿಸಿ, ಚೆಂಡುಹೂವಿನ ಹಾರ ಹಾಕಿಸಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟ. ತಾನಾಗಿ ಹಣ್ಣು ದಾಟುವ ಶಕ್ತಿ ಅದಕ್ಕೆಲ್ಲಿದೆ? ನಾವೆಲ್ಲ ಹಿಂದೆ ನಿಂತು ಹೆಣ ತಳ್ಳಿದ ಹಾಗೆ ತಳ್ಳಿ ನಿಂಬೆಹಣ್ಣು ಒಡೆಸಿದೆವು.

ಎರಡು ದಿನಕ್ಕೆ ಒಳಗಿನಿಂದ ನಾತ ಶುರುವಾಯಿತು. ಹೊಳೆಯ ಮೀನೊಂದು ಎಲ್ಲೋ ಒಳಗೆ ಸೇರಿ ಸತ್ತಿತ್ತು. ಲಿಂಗಪೂಜೆ ಮಾಡದೆ ನೀರೂ ಕುಡಿಯದ ನಿನ್ನ ಅತ್ತಿ ಭಾಗವ್ವ ಮೂಗಿಗೆ ಸೆರಗು ಹಿಡಿದು, ಗಾಡಿಯನ್ನು ಓಣಿಯಿಂದಲೇ ಹೊರಗೆ ಹಾಕಿಸಿದಳು. ಹಾಕಿಸಿದ್ದು ಎಲ್ಲಿಗೆ? ನನ್ನ ದನದ ಕೊಟ್ಟಿಗೆಯ ಹಿಂದಕ್ಕೆ. ಅಂದಿನಿಂದ ಗಾಡಿಯೂ ಕೀಲಿಯೂ ನನ್ನ ಹತ್ತಿರವೇ ಇವೆ. ಮೀನಿನ ನಾತ ತೊಳೆದರೆ ಹೋಗುತ್ತದೆ ಎನ್ನು. ಅವಳು ಅದೇ ದಿನ ಪಡಸಾಲೆಯಲ್ಲಿ ಕೂತು ಆಡಿದ ಮಾತಿನ ನಾತ ಯಾವ ಹೊಳೆಯಲ್ಲಿ ತೊಳೆಯಬೇಕು? “ಆಕಿ ಕಾಲ್ಗುಣ ಛಲೋ ಇಲ್ಲ. ಬಂದ ವರ್ಷದಾಗ ಗಾಡಿ ನುಂಗಿದಳು.” ನೀನು ಅಡುಗೆಮನೆಯಲ್ಲಿ ತಾಟು ತೊಳೆಯುತ್ತ ಕೇಳಿಸಿಕೊಂಡಿ, ತಾಟಿನ ಸದ್ದು ನಿಂತಿತು. ನಾನು ಎದ್ದು ಹೇಳಿದೆ, “ವೈನಿ, ಗಾಡಿ ನೀರಿಗಿಳಿಸಿದ ಕಾಲು ಯಾರದು? ಎಕ್ಸಲೇಟರ್ ಮ್ಯಾಲ ಇದ್ದದ್ದು ನಿನ್ನ ಮಗನ ಕಾಲು.” ಕಲ್ಮೇಶ ಅಲ್ಲೇ ಕೂತಿದ್ದ. ಫೋನಿನಲ್ಲಿ ಬೇರೆ ಕಾರಿನ ಚಿತ್ರ ನೋಡುತ್ತಿದ್ದ.

ಮದುವೆಯಾದ ಮೊದಲ ದೀಪಾವಳಿಗೆ ಅಳಿಯ ಬೀಗರ ಮನೆಗೆ ಹೋಗದೆ ಇರುವುದನ್ನು ನಮ್ಮ ವಂಶದಲ್ಲಿ ಯಾರೂ ಕೇಳಿಲ್ಲ. ಇವನು ಹೋಗಲಿಲ್ಲ, ಯಾಕೆಂದರೆ ಬನಹಟ್ಟಿಯ ಸ್ಟ್ಯಾಂಡಿನಲ್ಲಿ ಕೆಂಪು ಬಸ್ಸಿನಿಂದ ಇಳಿದರೆ ಅಳಿಯನ ಮರ್ಯಾದೆ ಹೋಗುತ್ತದಂತೆ. ನಿಮ್ಮಪ್ಪ ಎಣ್ಣೆ ಕಾಸಿಟ್ಟು ಬಾಗಿಲು ಕಾಯ್ದದ್ದು ನನಗೆ ಗೊತ್ತು. ನೀನೊಬ್ಬಳೇ ಚೀಲ ಹಿಡಿದು ಬಸ್ಸು ಹತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ವಿಮೆಯವರು ಕಳಿಸಿದ ಸರ್ವೇಯರು ನನ್ನ ಕೊಟ್ಟಿಗೆಗೇ ಬಂದು ನೋಡಿದ. ನಮ್ಮಣ್ಣ “ಅಡ್ಡ ಎಮ್ಮಿ ಬಂತ್ರಿ ಸಾಹೇಬ್ರ” ಎಂದು ಕತೆ ಶುರು ಮಾಡಿದ. ನನಗೆ ತಡೆಯಲಾಗಲಿಲ್ಲ. “ಎಮ್ಮಿ ಅಲ್ರಿ, ಎಮ್ಮಿಗೆ ಬುದ್ಧಿ ಇರತೈತಿ. ನಮ್ಮ ಹುಡುಗ ಎತ್ತಿನ ಮೈ ತೊಳದಂಗ ಕಾರಿನ ಮೈ ತೊಳಿಯಾಕ ಹೋಗಿದ್ದ” ಎಂದೆ. ಸರ್ವೇಯರು ಹಿಡಿದಿದ್ದ ಮೂಗು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಎಂಜಿನ್ನಿಗೆ ನೀರು ಹೊಕ್ಕರೂ ಪರಿಹಾರ ಸಿಗುವ ಹೆಚ್ಚಿನ ವಿಮೆಯನ್ನು ನಿಮ್ಮಪ್ಪ ಮಾಡಿಸಿದ್ದರಲ್ಲ, ಹೊಳೆಯ ದಂಡೆಯ ಊರಿಗೆ ಹೋಗುವ ಗಾಡಿ ಎಂದು? ಆಗ ನಮ್ಮಣ್ಣ, “ಹೊಳಿ ಏನು ರಸ್ತಾದ ಮ್ಯಾಲ ಬರತೈತೇನ್ರಿ ಬೀಗರ?” ಎಂದು ಗೇಲಿ ಮಾಡಿದ್ದ. ಹೊಳೆ ಬರಲಿಲ್ಲ, ಇವನ ಮಗನೇ ಹೋದ. ಮಗ್ಗದ ಮುಂದೆ ಕೂತ ಮನುಷ್ಯನಿಗೆ ಎಳೆ ಎಲ್ಲಿ ಹರಿಯುತ್ತದೆ ಎನ್ನುವುದು ಮೊದಲೇ ತಿಳಿದಿತ್ತು.

ಈಗ ಹೆಣದ ಹಂಚಿಕೆ. ನಮ್ಮಣ್ಣನದು ಗಾಡಿ ಒಪ್ಪಿಸಿ ದುಡ್ಡು ತರುವ ವಿಚಾರ. ಕಲ್ಮೇಶನದು ಗಾಡಿ ಇಟ್ಟುಕೊಳ್ಳುವ ವಿಚಾರ. ಬಾಗಲಕೋಟೆ ರಸ್ತೆಯ ನಮ್ಮ ಹೊಲದ ಮುಂದೆ ಕಂಬ ಕಟ್ಟಿಸಿ, ಅದರ ಮೇಲೆ ಕಾರು ಏರಿಸಿ, ಕೆಳಗೆ ಧಾಬಾ ಹಾಕುತ್ತಾನಂತೆ. ತಲೆಯ ಮೇಲೆ ಮೀನಿನ ನಾತ, ಕೆಳಗೆ ರೊಟ್ಟಿ ಊಟ. ಭಾಗವ್ವ ಮತ್ತೆ ಹೊಳೆಗೇ ದಬ್ಬಿರಿ ಎನ್ನುತ್ತಾಳೆ. ಇವರ ನಡುವೆ ಬಿಳಿ ಅಂಗಿಯ ಒಬ್ಬ ಮನುಷ್ಯ ಬಂದ. ಕಾರನ್ನು ತಿರುಗಿಯೂ ನೋಡಲಿಲ್ಲ. “ಗಾಡಿ ನೀವ ಇಟ್ಕೋರಿ, ನನಗ ಕಾಗದ ಮತ್ತ ನಂಬರ ಅಷ್ಟ ಕೊಡ್ರಿ” ಎಂದ. ಮುದುಕನಾದರೂ ನನಗೆ ಅರ್ಥವಾಯಿತು: ಎಲ್ಲೋ ಕದ್ದ ಕೆಂಪು ಗಾಡಿಗೆ ಈ ನಂಬರು ಹಚ್ಚುತ್ತಾರೆ, ನಾಳೆ ಪೊಲೀಸರು ನಿನ್ನ ಬಾಗಿಲು ಬಡಿಯುತ್ತಾರೆ. ನಮ್ಮಣ್ಣನಿಗೂ ಅರ್ಥವಾಗಿತ್ತು, ಆದರೂ ಗದ್ದ ತುರಿಸುತ್ತ “ವಿಚಾರ ಮಾಡೂಣ” ಎಂದ. ಸೊಸೆಯ ಹೆಸರಿಗೆ ಮಸಿ ಬಳಿಯಲು ವಿಚಾರ ಮಾಡುವುದೇನಿದೆ? ನಾನು ಸಗಣಿಯ ಬುಟ್ಟಿ ಎತ್ತಿದೆ. ಆ ಬಿಳಿ ಅಂಗಿ ಬಿಳಿಯಾಗಿ ಹೋಗಲಿಲ್ಲ ಎಂದಷ್ಟೇ ಬರೆಯುತ್ತೇನೆ.

ಸುಳ್ಳು ಹೇಳಬಾರದು, ಒಂದು ದಿನ ಕಲ್ಮೇಶನ ಮೇಲೆ ನನಗೂ ಸ್ವಲ್ಪ ಆಸೆ ಹುಟ್ಟಿತ್ತು. ಒಬ್ಬನೇ ಬಂದು ಸೀಟು ಕಿತ್ತು, ಆ ಮೀನು ಹುಡುಕಿ ತೆಗೆದು, ಬೇಲಿಯ ಬುಡದಲ್ಲಿ ಹೂತು, ವಾಂತಿ ಮಾಡಿಕೊಂಡು ನನ್ನ ಹೊರಸಿನ ಮೇಲೆ ಕೂತ. “ಕಾಕಾ, ಆಕಿ ನಿನಗರ ಫೋನ್ ಮಾಡ್ಯಾಳೇನು?” ಎಂದು ಕೇಳಿದ. “ನೀನ ಹೋಗಿ ಕೇಳು, ಬಸ್ಸು ಮುಂಜಾನಿಂದ ಸಂಜಿತನಕ ಇರತಾವ” ಎಂದೆ. ಮರುದಿನ ಮತ್ತೆ ಹಸಿರು ಬಣ್ಣದ ಕಾರಿನ ಮಾತು. ನನ್ನ ಆಸೆಯನ್ನೂ ಮೀನಿನ ಪಕ್ಕದಲ್ಲೇ ಹೂತೆ.

ಈಗ ಮನೆಯವರು ಬರೆ ಎಂದದ್ದು: ಗಾಡಿ ಒಪ್ಪಿಸಲು ನಿನ್ನ ಒಪ್ಪಿಗೆ ಬೇಕು, ಬರುವ ದುಡ್ಡನ್ನು ಕಲ್ಮೇಶನ ಖಾತೆಗೆ ಹಾಕಲು ಅಡ್ಡಿ ಇಲ್ಲ ಎಂದೂ ಬರೆದುಕೊಡಬೇಕು. ಕಾಗದ ಈ ಪಾಕೀಟಿನಲ್ಲೇ ಇದೆ. ಬನಹಟ್ಟಿಗೆ ಟೆಂಪೋ ಹೊಡೆಯುವ ತುಕಾರಾಮನ ಕೈಯಲ್ಲಿ ಕಳಿಸುತ್ತಿದ್ದೇವೆ, ಸಹಿ ಮಾಡಿ ಅವನ ಕೈಯಲ್ಲೇ ಮರಳಿ ಕೊಡು. ನಿನ್ನ ಅತ್ತಿ ಶೇಂಗಾ ಉಂಡಿಯ ಡಬ್ಬಿಯನ್ನೂ ಕಳಿಸುತ್ತಿದ್ದಾಳೆ. ಕಾಲ್ಗುಣ ಕೆಟ್ಟವಳಿಗೆ ಉಂಡಿ ಯಾಕೆ ಎಂದು ನಾನು ಕೇಳಲಿಲ್ಲ. ತುಪ್ಪದ ಘಮವೇ ಹೇಳುತ್ತಿತ್ತು. ಅವರು ಹೇಳಿದ್ದನ್ನು ಬರೆದೆ. “ಓದಿ ತೋರಿಸು” ಎಂದ ಅಣ್ಣನಿಗೆ ಈ ಕಾಗದ ಹಿಡಿದುಕೊಂಡೇ ಮನಸ್ಸಿನಲ್ಲಿ ಕಟ್ಟಿದ ಬೇರೊಂದು ಕಾಗದ ಓದಿದೆ. ಕಣ್ಣಲ್ಲಿ ನೀರು ತಂದುಕೊಂಡ. ಮಾಸ್ತರರು ಇದ್ದಿದ್ದರೆ ಮತ್ತೊಮ್ಮೆ ಪಾಟಿ ಎತ್ತಿ ತೋರಿಸುತ್ತಿದ್ದರು.

ನಿಮ್ಮಪ್ಪ ಅವ್ವನಿಗೆ ನನ್ನ ಶರಣಾರ್ಥಿ ತಿಳಿಸು. ನಿನ್ನ ಸಣ್ಣತ್ತಿ ನಿನಗೆಂದು ಕುಂಬಳಕಾಯಿ ಕಾಯ್ದಿಟ್ಟಿದ್ದಾಳೆ. ಹೊಟ್ಟೆ ತುಂಬ ಉಣ್ಣು, ತಲೆ ಎತ್ತಿ ಓಡಾಡು. ನಿನಗೆ ಒಳ್ಳೆಯದಾಗಲಿ.

ನಿನ್ನ ಸಣ್ಣಮಾವ,
ಹುಲೆಪ್ಪ

ತಾ.ಕ.: ತುಕಾರಾಮ ಹಾರ್ನು ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಡಬ್ಬಿ ಕಟ್ಟಲು ಅರಿವೆ ತರುತ್ತೇನೆಂದು ಭಾಗವ್ವ ಒಳಗೆ ಹೋದಾಗ ಕಾರಿನ ಎರಡೂ ಕೀಲಿ ಡಬ್ಬಿಯ ತಳಕ್ಕೆ ಇಳಿಸಿದ್ದೇನೆ. ಕೀಲಿ ಇಲ್ಲದೆ ವಿಮೆಯವರು ಗಾಡಿ ಎತ್ತುವುದಿಲ್ಲ ಎಂದು ಸರ್ವೇಯರು ನನಗೆ ಹೇಳಿ ಹೋಗಿದ್ದಾನೆ. ದುಡ್ಡು ಕಾಗದದಲ್ಲಿ ಹೆಸರಿದ್ದವರಿಗೇ ಎಂದೂ ಹೇಳಿದ್ದಾನೆ. ನಿಮ್ಮಪ್ಪನನ್ನು ಕರೆದುಕೊಂಡು ಕಂಪನಿಯ ಕಚೇರಿಗೆ ನೀನೇ ಹೋಗು, ಕೀಲಿ ಕೊಡು, ದುಡ್ಡು ನಿನ್ನ ಖಾತೆಗೇ ಬರಲಿ. ನಿಮ್ಮಪ್ಪನ ಮನೆಯಲ್ಲಿ ಮತ್ತೆ ಮಗ್ಗ ಆಡಲಿ. ಈ ಕಡೆ ಬರುವುದು ಬಿಡುವುದು ನಿನ್ನ ಮನಸ್ಸು. ಕಲ್ಮೇಶ ಕರೆಯಲು ಬಂದರೆ ಮೊದಲು ಸ್ಟ್ಯಾಂಡಿಗೆ ಯಾರನ್ನಾದರೂ ಕಳಿಸಿ ನೋಡಿಸು: ಕೆಂಪು ಬಸ್ಸಿನಿಂದ ಇಳಿದಿದ್ದರೆ, “ಹೊಳೆಗೆ ಇಳಿಸಿದ್ದು ನಾನು” ಎಂದು ನಿಮ್ಮಪ್ಪನ ಮುಂದೆ ಹೇಳಿದರೆ, ನೀರು ಕೊಡು. ಇಲ್ಲದಿದ್ದರೆ ಬಾಗಿಲು ಹಾಕಿಕೋ. ಉಂಡಿ ತಿನ್ನು, ತುಪ್ಪ ಖರೆ ಇದೆ. ಪಾಕೀಟಿನ ಕಾಗದಕ್ಕೆ ಸಹಿ ಮಾಡಬೇಡ.