ಹಗ್ಗದ ಸುತ್ತಲಿನ ಜಾಗ

ಜನವರಿ 12
ಕಾಲೇಜಿಗೆ ಹೋಗುವ ಏಳು ಗಂಟೆಯ ಔರಾದ ಬಸ್ಸು ತಪ್ಪಿತು. ಮುಂದಿನದರಲ್ಲಿ ನಿಂತೇ ಹೋದೆ. ಗೆಸ್ಟ್ ಲೆಕ್ಚರರ್ ತಡವಾದರೆ ಮಾತ್ರ ಎಲ್ಲರಿಗೂ ಗಡಿಯಾರ ಕಾಣುತ್ತದೆ! ನಾಳೆ ಫಿಜಿಕ್ಸ್ ಕ್ಲಾಸಿನಲ್ಲಿ ಸ್ಟ್ರಿಂಗ್ ಥಿಯರಿ. ಸಿಲಬಸ್ಸಿನಲ್ಲಿಲ್ಲ, ಹುಡುಗಿಯರೇ ಕೇಳಿದ್ದು.
ಸಂಜೆ ಬೀದರದ ಮೈಲೂರಿನ ಮನೆಯಂಗಳದಲ್ಲಿ ಬಟ್ಟೆ ಹಗ್ಗ ಹಿಡಿದು ಪ್ರಾಕ್ಟೀಸ್ ಮಾಡಿದೆ. ದೂರದಿಂದ ಬರೀ ಗೆರೆ. ಸುತ್ತಲೂ ನಡೆಯಲು ಜಾಗವಿರುವುದು ಇರುವೆಗೆ ಮಾತ್ರ ಗೊತ್ತು. ಹಾಗೆಯೇ ಉದ್ದ, ಅಗಲ, ಎತ್ತರ ಬಿಟ್ಟು ಇನ್ನೂ ಆರು ಆಯಾಮ — ಸುರುಳಿ ಸುತ್ತಿಕೊಂಡು, ಎಲ್ಲೆಲ್ಲೂ.
ಅವ್ವ ಕೇಳುತ್ತಿದ್ದಳು. ನನ್ನ ತಮ್ಮ ಸುಮಿತನಿಗೆ ಹಲಬರ್ಗಾದ ಹೊಲದಲ್ಲಿ ಮಣ್ಣು ಕೊಟ್ಟು ಬಂದಾಗಿನಿಂದ ಇಪ್ಪತ್ತು ದಿನ ಮಾತಿಲ್ಲ. ಇವತ್ತು ಬಾಯಿ ಬಿಟ್ಟಳು.
“ಆ ಜಾಗ ಇಲ್ಲೂ ಅದ ಏನ್, ಸಿದ್ದಿ?”
“ಇಲ್ಲೇ ಅದ ಅವ್ವಾ. ನಾವ್ ದೊಡ್ಡವರಿದ್ದೀವಿ, ಒಳಗ ಹೋಗ್ಲಿಕ್ಕ ಬರಲ್ಲ.”
“ನಮ್ ಸುಮಿತ ಅಲ್ಲಿರಬಹುದೇನ್?”
ಅವಳ ಮುಖ ನೋಡಿದೆ. ಇರಬಹುದು ಅಂದೆ.
ಎರಡು ರೊಟ್ಟಿ ಉಂಡಳು. ಖುಷಿಯಾಯಿತು.

ಫೆಬ್ರುವರಿ 3
ಅವ್ವ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟಳು. “ಹೊಟ್ಟಿ ತುಂಬ್ಯದ” ಅಂತಾಳೆ. ಮುಖವೇನೋ ಗೆಲುವಾಗಿದೆ...

ಫೆಬ್ರುವರಿ 27
ಬಳೆ ಕೈಯಿಂದ ಜಾರಿ ಬಚ್ಚಲಲ್ಲಿ ಬಿತ್ತು. ಭಾಲ್ಕಿಯ ಡಾಕ್ಟರಿಗೆ ತೋರಿಸಿದೆ. ರಕ್ತ, ಎಕ್ಸ್‌ರೇ, ಸ್ಕ್ಯಾನ್ — ಎಲ್ಲ ನಾರ್ಮಲ್.
“ಊಟ ಬಿಟ್ಟಾರ್ರಿ, ಅಷ್ಟೇ. ಯಾಕಂತ ನೀವೇ ಕೇಳ್ರಿ.”
ವಾಪಸ್ ಬಸ್ಸಿನಲ್ಲಿ ಕೇಳಿದೆ.
“ಸಣ್ಣಾಕಿ ಆಗ್ಬೇಕಲ್ಲ. ದೊಡ್ಡವರಿಗಿ ಹೋಗ್ಲಿಕ್ಕ ಬರಲ್ಲಂತ ನೀನೇ ಹೇಳಿದಿ.”
ಎಂಥ ಮೂರ್ಖಳು ನಾನು. ಬೀದರ ಬರುವವರೆಗೂ ಅವಳ ಕೈ ಹಿಡಿದು ಕೂತಿದ್ದೆ.

ಮಾರ್ಚ್ 2
ವಾದಿಸಿದೆ. ಆ ಜಾಗವನ್ನು ಯಾರೂ ಕಂಡಿಲ್ಲ, ಯಾವ ಪ್ರಯೋಗದಲ್ಲೂ ಸಿಕ್ಕಿಲ್ಲ, ಬರೀ ಲೆಕ್ಕ. ಇದ್ದರೂ ಅದರ ಮುಂದೆ ಪರಮಾಣುವೇ ಬೆಟ್ಟ. ಅದರ ಅಳತೆ ಎಷ್ಟೆಂದು ಪಾಯಿಂಟ್ ಹಾಕಿ ಮೂವತ್ತಕ್ಕೂ ಹೆಚ್ಚು ಸೊನ್ನೆ ಬರೆದು ತೋರಿಸಿದೆ. ಅವ್ವ ಸೊನ್ನೆಗಳ ಮೇಲೆ ಬೆರಳಾಡಿಸಿದಳು.
“ಭಾಳ್ ದಿನ ಹಿಡೀತದ ಅನ್ನು.”

ಮಾರ್ಚ್ 19, ಬೆಳಿಗ್ಗೆ 6
ಆಸ್ಪತ್ರೆಯ ವಾರ್ಡಿನಲ್ಲಿದ್ದೇವೆ. ಸಲೈನ್ ಕಿತ್ತು ಹಾಕಿದ್ದಾಳೆ, ಎರಡನೇ ಸಲ. ತೂಕ ಮೂವತ್ತೊಂದು ಕಿಲೋ. ಇನ್ನೊಂದು ವಾರ ಹೀಗೇ ಆದರೆ ಉಳಿಯುವುದು ಕಷ್ಟವಂತೆ.
ಹಗ್ಗ, ಇರುವೆ, ಸೊನ್ನೆ — ಯಾವುದೂ ಕೆಲಸಕ್ಕೆ ಬರಲಿಲ್ಲ. ಉಳಿದದ್ದು ಒಂದೇ ಮಾತು. ಅವ್ವನಿಗೆ ಹೇಳಿಲ್ಲ. ಈ ಡೈರಿಯಲ್ಲೂ ಬರೆದಿಲ್ಲ. ಆ ಜಾಗ ನನಗೂ ಬೇಕಿತ್ತು...
ಕಣ್ಣು ಬಿಟ್ಟಳು. “ಈಗ ಸಾಕೇನ್, ಸಿದ್ದಿ?” ಅಂತಾಳೆ.
ಮೊದಲು ಇಲ್ಲಿ ಬರೆಯುತ್ತೇನೆ, ಆಮೇಲೆ ಬಾಯಿಬಿಟ್ಟು ಹೇಳುತ್ತೇನೆ.
ಅವ್ವಾ, ಸುಮಿತ ಎಲ್ಲೂ —