ಬರ್ಲಿ, ಬರ್ಲಿ, ಇನ್ನೂ ಬರ್ಲಿ

ಕಡಲ ದಂಡೆಯ ಕ್ಯಾಂಪು
ಗುರುವಾರ, ಮಧ್ಯಾಹ್ನದ ಟೀ ಹೊತ್ತು

ನನ್ನ ಪುಟ್ಟಕ್ಕನಿಗೆ,

ಅಮ್ಮನ ಮುದ್ದು, ಆಶೀರ್ವಾದ, ಜೊತೆಗೆ ಒಂದು ಚಿಟಿಕೆ ಮರಳು. ಲಕೋಟೆಯನ್ನು ಮಂಚದ ಮೇಲೆ ಬಿಡಿಸಬೇಡ, ಮರಳು ನಿಜವಾಗಿಯೂ ಹಾಕಿದ್ದೇನೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆ ಒಡೆದುಹೋದೀತು. ನಮ್ಮ ಡಬ್ಬಿಯನ್ನು ನಾನು ಓಡಿಸಿದೆ ಕಣೇ! ಹೌದು, ಕಾರಿನ ಬಾಲಕ್ಕೆ ಕಟ್ಟಿಕೊಂಡು ಬರುವ ನಮ್ಮ ಗಾಲಿಮನೆ, ಅದೇ ಕ್ಯಾರವಾನ್. ಓಡಿಸಿದ್ದಷ್ಟೇ ಅಲ್ಲ, ನಿನ್ನೆ ರಿವರ್ಸ್ ಹಾಕಿ ಎರಡು ಕ್ಯಾರವಾನ್‌ಗಳ ನಡುವೆ ಒಂದೇ ಸಲಕ್ಕೆ ನಿಲ್ಲಿಸಿದೆ. ಇಳಿದು ನೋಡಿದರೆ ಎರಡೂ ಕಡೆ ಒಂದೊಂದು ಮೊಳ ಜಾಗ.

ಎರಡನೇ ಸುದ್ದಿ ನಿನಗೆ ಹಿಡಿಸುವುದಿಲ್ಲ. ಶನಿವಾರ ನೀನು ಡ್ರೈವರನ್ನು ಕರೆದುಕೊಂಡು ಇಲ್ಲಿಗೆ ಬಂದರೆ ನಾವು ಇರುವುದಿಲ್ಲ. ಡಬ್ಬಿ ಮಾರಿಬಿಡೋಣ, ಇಬ್ಬರೂ ನನ್ನ ಮನೆಯ ಕೆಳಗಿನ ರೂಮಿಗೆ ಬಂದುಬಿಡಿ ಅಂತ ನೀನು ಅಂದೆ. ಬಣ್ಣ ಹೊಡೆಸಿದ್ದೀಯ, ಪರದೆ ಹಾಕಿದ್ದೀಯ, ನಿನ್ನ ಪ್ರೀತಿ ನನಗೆ ಗೊತ್ತಿಲ್ಲವೇ? ಆದರೆ ನಾವು ನಾಳೆ ಬೆಳಿಗ್ಗೆ ಇಲ್ಲಿಂದ ಹೊರಡುತ್ತೇವೆ, ರಸ್ತೆ ಮುಗಿಯುವ ತುದಿಯಲ್ಲಿರುವ ಕೊನೆಯ ಕ್ಯಾಂಪಿಗೆ. ಅಲ್ಲೊಂದು ದೀಪಸ್ತಂಭ ಇದೆಯಂತೆ, ಅದರಾಚೆ ಬರೀ ನೀರಂತೆ. ಇದನ್ನು ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕಿ ಅರವತ್ತಕ್ಕೆ ಅರಳು ಮರಳು ಅಂತ ಶುರು ಮಾಡುತ್ತೀಯ. ಅದಕ್ಕೇ ಪತ್ರ. ಕ್ಯಾಂಪಿನ ಆಫೀಸಿನವಳು ನಾಳೆ ನಿನ್ನ ಊರಿಗೇ ಹೋಗುತ್ತಿದ್ದಾಳೆ, ಅವಳ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಇಷ್ಟಕ್ಕೆಲ್ಲ ಮೂಲ ಆ ನಲ್ಲಿ. ನಿನಗೆ ಫೋನಿನಲ್ಲಿ ಅರ್ಧ ಮಾತ್ರ ಹೇಳಿದ್ದೆ. ಕ್ಯಾಂಪಿನವರದ್ದೊಂದು ಪದ್ಧತಿ ಇದೆ. ಹೊಸ ಕ್ಯಾರವಾನ್ ಬಂದು ರಿವರ್ಸ್ ಹಾಕಲು ಶುರು ಮಾಡಿದರೆ ಸಾಕು, ಎಲ್ಲರೂ ಮಡಚುವ ಕುರ್ಚಿ ತಂದು ಸಾಲಾಗಿ ಕೂರುತ್ತಾರೆ, ಕೈಯಲ್ಲಿ ಟೀ ಬೇರೆ! ಗಂಡ ಹೆಂಡತಿ ಜಗಳ ನೋಡುವಷ್ಟು ಬಿಟ್ಟಿ ಮನರಂಜನೆ ಬೇರೆ ಯಾವುದಿದೆ ಹೇಳು. ನಾವು ಇಲ್ಲಿಗೆ ಬಂದ ದಿನವೂ ಕುರ್ಚಿ ಹಾಕಿದರು. ನಿಮ್ಮಪ್ಪ ಜೀವಮಾನವೆಲ್ಲ ದೂರದೂರಿನ ಬಸ್ಸು ಓಡಿಸಿದವರು, ಕೇಳಬೇಕೆ? ಒಂದು ಕೈಯಲ್ಲೇ ಸ್ಟೇರಿಂಗ್ ತಿರುಗಿಸುತ್ತಾ ನೇರ ಹೋಗಿ ನೀರಿನ ನಲ್ಲಿಗೆ ಗುದ್ದಿದರು. ಕಂಬವೇ ಮುರಿದು ಕಾರಂಜಿ ಚಿಮ್ಮಿತು, ಕುರ್ಚಿಯವರೆಲ್ಲ ತೊಯ್ದು ತೊಪ್ಪೆಯಾದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಇಳಿದವರೇ ಕಣ್ಣಿಗೆ ಬಿಸಿಲು ಹೊಡೀತು ಅಂದರು. ಅವತ್ತು ಪೂರ್ತಿ ಮೋಡ ಇತ್ತು.

ಮರುದಿನ ಟೀ ಕುಡಿಯುತ್ತಾ, ಕಡಲಿನ ಕಡೆ ಮುಖ ಮಾಡಿಕೊಂಡು, ಮೊಣಕಾಲು ನೋವು ಕಣೇ, ಕ್ಲಚ್ ಒತ್ತೋಕೆ ಆಗ್ತಿಲ್ಲ, ಇನ್ನು ಮೇಲೆ ನೀನೇ ಓಡಿಸು ಅಂದರು. ನನ್ನ ಕೈಯಲ್ಲಿದ್ದ ಲೋಟ ಬೀಳುವುದೊಂದು ಬಾಕಿ. ನೀನು ಹಿಂದೆ ಬಿದ್ದು ಕಾರು ಕಲಿಸಿ ಲೈಸೆನ್ಸ್ ಮಾಡಿಸಿದಾಗ ಇದೇ ಮನುಷ್ಯ ಒಂದೇ ಒರೆಯಲ್ಲಿ ಎರಡು ಕತ್ತಿ ಯಾಕೆ ಅಂದಿದ್ದರು, ನೆನಪಿದೆಯಾ? ಅಂಥವರು ಬೀಗದ ಕೈ ತಂದು ನನ್ನ ಅಂಗೈಯಲ್ಲಿಟ್ಟರು.

ಕಡಲು ಹಿಂದೆ ಸರಿದಾಗ ಮರಳು ಗಟ್ಟಿಯಾಗಿರುತ್ತದೆ, ಅಲ್ಲಿ ಪಾಠ. ಮುಂದಕ್ಕೆ ಓಡಿಸುವುದು ಸಲೀಸು. ಹಿಂದಕ್ಕೆ ಬಂದರೆ ಡಬ್ಬಿಗೆ ದೆವ್ವ ಹಿಡಿಯುತ್ತದೆ, ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. ನಿಮ್ಮಪ್ಪ ಕೂಗಿದರು, ನಾನೂ ಕೂಗಿದೆ, ಕಡಲ ಹಕ್ಕಿಗಳೆಲ್ಲ ಎದ್ದು ಹೋದವು. ನಾಲ್ಕನೇ ಸಲ ಅಡ್ಡ ತಿರುಗಿದಾಗ ಅಳುವೇ ಬಂತು. ಆಮೇಲೆ ಥಟ್ಟನೆ ಹೊಳೆಯಿತು ನೋಡು, ಅಯ್ಯೋ, ಇದು ರವಿಕೆ ತೋಳು! ತೋಳು ಕೂಡಿಸುವಾಗ ಬಟ್ಟೆಯ ಒಳಮೈ ಹೊರಗೆ ಮಾಡಿಕೊಂಡಿರುತ್ತೇವೆ, ಎಡದ್ದು ಬಲಕ್ಕೆ ಕಾಣುತ್ತದೆ, ಕೈಗೆ ಮಾತ್ರ ಯಾವುದು ಯಾವುದೆಂದು ಗೊತ್ತಿರುತ್ತದೆ. ಜೀವಮಾನವೆಲ್ಲ ಅದನ್ನೇ ಮಾಡಿದವಳಿಗೆ ಇದು ಯಾವ ಮಹಾ? ಡಬ್ಬಿಯನ್ನು ಒಳಮೈ ಮಾಡಿಕೊಂಡೆ, ಅಷ್ಟೇ. ಮೆಲ್ಲಗೆ ಬಂತು, ಹೇಳಿದ ಮಾತು ಕೇಳಿತು.

ನಿನ್ನೆ ಪರೀಕ್ಷೆ. ಪೇಟೆಗೆ ಹೋಗಿ ಗ್ಯಾಸ್ ತುಂಬಿಸಿಕೊಂಡು ಡಬ್ಬಿ ಸಮೇತ ವಾಪಸು ಬಂದಾಗ ಅಷ್ಟೂ ಜನ ಕುರ್ಚಿ ಹಾಕಿಕೊಂಡು ಕೂತಿದ್ದರು. ನಲ್ಲಿಯ ಸುದ್ದಿ ಕೇಳಿದವರಿಗೆ ಎರಡನೇ ಆಟ ನೋಡುವ ಆಸೆ. ನಿಮ್ಮಪ್ಪ ಇಳಿದು ಹಿಂದೆ ಹೋಗಿ ನಿಂತರು. ಅಷ್ಟು ವರ್ಷ ಕಂಡಕ್ಟರ್ ಬಾಯಲ್ಲಿ ಕೇಳಿದ್ದನ್ನು ಈಗ ತಾವೇ ಗಂಟಲು ಹರಿಯುವಂತೆ ಕೂಗಿದರು, ಬರ್ಲಿ, ಬರ್ಲಿ, ಇನ್ನೂ ಬರ್ಲಿ ಅಂತ. ಬಂದೆ, ನಿಂತೆ. ಇಡೀ ಕ್ಯಾಂಪು ಎದ್ದು ಚಪ್ಪಾಳೆ ಹೊಡೆಯಿತು! ನಿಮ್ಮಪ್ಪ ತಾವೇ ಓಡಿಸಿದವರ ಹಾಗೆ ಎಲ್ಲರಿಗೂ ಕೈ ಮುಗಿದರು. ಪಕ್ಕದ ಜಾಗದ ನಿವೃತ್ತ ನರ್ಸಮ್ಮ ಓಡಿ ಬಂದು ನನ್ನನ್ನು ತಬ್ಬಿಕೊಂಡಳು.

ಪುಟ್ಟಕ್ಕ, ನನ್ನ ಹೊಲಿಗೆ ಅಂಗಡಿಯ ಕಿಟಕಿ ತೆರೆದರೆ ಏನು ಕಾಣುತ್ತಿತ್ತು ಹೇಳು? ಎದುರು ಮನೆಯ ಗೋಡೆ. ಈಗ ಬೆಳಿಗ್ಗೆ ಒಂದು ಪಕ್ಕದಲ್ಲಿ ಕಡಲು, ಇನ್ನೊಂದು ಪಕ್ಕದಲ್ಲಿ ಹುಲ್ಲುಗಾಡು. ಒಂದು ಜಾಗ ಬೇಜಾರಾದರೆ ಮನೆಯನ್ನೇ ಎಳೆದುಕೊಂಡು ಹೊರಡುವುದು! ಈ ಸುಖ ಇಷ್ಟು ತಡವಾಗಿ ಸಿಕ್ಕಿದೆ, ಇನ್ನೂ ರುಚಿ ನೋಡುತ್ತಿದ್ದೇನೆ. ಈಗಲೇ ತಟ್ಟೆ ಎತ್ತಬೇಡ ತಾಯಿ.

ನಾನು ಸುಖವಾಗಿದ್ದೇನೆ. ಅಪ್ಪನೂ ಆರಾಮ, ಮೊಣಕಾಲು ಒಂದು ಬಿಟ್ಟರೆ.

ಇಂತಿ, ಸ್ಟೇರಿಂಗ್ ಹಿಡಿದು ಕೈಗೆ ಬೊಬ್ಬೆ ಬಂದಿರುವ
ನಿನ್ನ ಅಮ್ಮ

ಮರೆತ ಮಾತು, ಅಪ್ಪನಿಂದ:
ಮಗಳೇ, ಮೊಣಕಾಲಿಗೆ ಏನೂ ಆಗಿಲ್ಲ. ಕಣ್ಣು ಮಂಜು. ಅಮ್ಮನಿಗೆ ಹೇಳಬೇಡ, ಹೆದರಿ ಸ್ಟೇರಿಂಗ್ ಬಿಟ್ಟುಬಿಡ್ತಾಳೆ. ಆ ದೀಪ ಒಂದು ನೋಡಿಬಿಡ್ತೀನಿ, ಆಮೇಲೆ ನೀನು ಹೇಳೋ ಕಣ್ಣಿನ ಡಾಕ್ಟರ್ ಹತ್ತಿರ ಬರ್ತೀನಿ. ನಿಮ್ಮಮ್ಮ ಚೆನ್ನಾಗಿ ಓಡಿಸ್ತಾಳೆ. ಅವಳ ಮುಂದೆ ಹೇಳಲ್ಲ.

ಮತ್ತೆ ಅಮ್ಮ:
ಓದಬೇಡ, ಹಾಗೇ ಅಂಟಿಸು ಅಂತ ಹೇಳಿ ಕೊಟ್ಟರು. ಓದಿದೆ. ಅಕ್ಷರಗಳು ನನ್ನ ಸಹಿಯ ಮೇಲೇ ಹತ್ತಿ ಕೂತಿವೆ, ನೋಡು. ನನಗೆ ನಲ್ಲಿಯ ದಿನವೇ ಗೊತ್ತಾಯಿತು. ನರ್ಸಮ್ಮನನ್ನು ಕೇಳಿದೆ. ಪೊರೆ ಇರಬಹುದು, ಬೇರೆ ಏನಾದರೂ ಇರಬಹುದು, ಪರೀಕ್ಷೆ ಮಾಡಿಸಿಯೇ ಹೇಳಬೇಕು, ಒಂದು ವಾರಕ್ಕೆ ಏನೂ ಆಗಲ್ಲ ಅಂದಳು. ಮುಂದಿನ ವಾರಕ್ಕೆ ಹೆಸರು ಬರೆಸು, ನಾನೇ ಓಡಿಸಿಕೊಂಡು ಕರೆತರುತ್ತೇನೆ. ನಿನ್ನೆಯ ಮಾತೂ ಪೂರ್ತಿ ಹೇಳಲಿಲ್ಲ. ಅವರು ಬರ್ಲಿ ಬರ್ಲಿ ಅಂತ ಕೈ ಬೀಸಿದ್ದು ನನಗಲ್ಲ, ನಮ್ಮದೇ ಅಂದುಕೊಂಡು ನರ್ಸಮ್ಮನ ಬಿಳಿ ಕ್ಯಾರವಾನ್‌ಗೆ, ಅದು ಪಕ್ಕದಲ್ಲಿ ಸುಮ್ಮನೆ ನಿಂತಿತ್ತು. ನಾನು ಕನ್ನಡಿ ನೋಡಿಕೊಂಡು ಬಂದೆ. ಕುರ್ಚಿಯಲ್ಲಿ ಕೂತವರೆಲ್ಲ ನೋಡಿದರು, ಒಬ್ಬರೂ ನಗಲಿಲ್ಲ ಕಣೇ.

ಶನಿವಾರ ಸಂಜೆಗೆ ಕೊನೆಯ ಕ್ಯಾಂಪಿಗೇ ಬಾ, ದಾರಿಯಲ್ಲಿ ಒಂದು ರಾತ್ರಿ ತಂಗಿ ನಾವೂ ಆ ಹೊತ್ತಿಗೇ ಅಲ್ಲಿಗೆ ಮುಟ್ಟುತ್ತೇವೆ. ಡ್ರೈವರ್ ಬೇಡ, ಒಂದು ಕುರ್ಚಿ ತಂದುಕೋ. ನಾನು ರಿವರ್ಸ್ ಹಾಕುವಾಗ ಎದ್ದು ಅಪ್ಪನ ಪಕ್ಕ ನಿಂತು, ಹೆಗಲ ಮೇಲೆ ಕೈ ಹಾಕಿ, ಅವರಿಗೆ ಗೊತ್ತಾಗದ ಹಾಗೆ ನನ್ನ ಕಡೆ ತಿರುಗಿಸು. ಉಳಿದದ್ದು ಅವರು ಕೂಗುತ್ತಾರೆ, ನಾನು ಬರುತ್ತೇನೆ.